ಗೆರೆ ಸಿಗದ ಚೌಕ

"ಹೆತ್ತೋರು ಗೊತ್ತಿಲ್ಲದ ಕೂಸನ್ನ ಕುಟುಂಬದ ಫೋಟೋದಲ್ಲಿ ನಿಲ್ಲಿಸಿದ ಹಾಗಿದೆ ಕಣಮ್ಮ ಇದು. ಒರೆಸಿಬಿಡು," ಎಂದರು ಅಳತೆಗೋಲು.

ಅಳತೆಗೋಲು ಎಂದರೆ ಪ್ರಧಾನ ಸೇನಾ ಕಚೇರಿಯ ನಕ್ಷೆ ವಿಭಾಗದ ಮೇಲ್ವಿಚಾರಕರು. ಉದ್ದ, ತೆಳು, ನೆಟ್ಟಗಿನ ಆಸಾಮಿ. ಎಷ್ಟು ಇಂಚು ನಗಬೇಕೆಂದು ಅಳೆದುಕೊಂಡೇ ನಗುತ್ತಾರೆಂದು ಟೈಪಿಸ್ಟುಗಳು ಆಡಿಕೊಳ್ಳುತ್ತಿದ್ದರು. ಅವರು ಬೆರಳಿಟ್ಟು ತೋರಿಸಿದ್ದು ನಕ್ಷೆಗಾರ್ತಿಯ ಮೇಜಿನ ಮೇಲೆ ಹಾಸಿದ್ದ, ಬಾಗಿಲಿನಷ್ಟು ದೊಡ್ಡ ಹಾಳೆಯ ಒಂದು ಮೂಲೆಯನ್ನು. ದೇಶದ ಇಡೀ ಸೇನೆ ಆ ಹಾಳೆಯ ಮೇಲಿತ್ತು. ನೆತ್ತಿಯಲ್ಲಿ ಸೇನಾ ಮುಖ್ಯಸ್ಥರ ಚೌಕ. ಅಲ್ಲಿಂದಿಳಿದ ಏಳು ಗೆರೆಗಳ ತುದಿಗೆ ಏಳು ಶಾಖೆ, ಏಳು ಜನರಲ್‌ಗಳು. ಅವರ ಕೆಳಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ಹಾಗೆ ದಳಗಳು, ಡಿಪೋಗಳು, ಅಡುಗೆಯವರ ಶಾಲೆ, ನಾಯಿಗಳ ತರಬೇತಿ ಕೇಂದ್ರ. ನಾಯಿಗಳಿಗೂ ಮೇಲೊಂದು ಗೆರೆಯಿತ್ತು. ಬಲಗಡೆ ಕೆಳಮೂಲೆಯ ಒಂದು ಪುಟ್ಟ ಚೌಕಕ್ಕೆ ಮಾತ್ರ ಇರಲಿಲ್ಲ. ಅದರೊಳಗೆ 'ಕೃತಕ ಕಾಲು ಕಾರ್ಯಾಗಾರ' ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

ಆಗಿದ್ದಿಷ್ಟು. ಹೊಸ ಮುಖ್ಯಸ್ಥರು ಬಂದಮೇಲೆ ಹನ್ನೊಂದು ಶಾಖೆಗಳನ್ನು ಏಳಕ್ಕೆ ಇಳಿಸಿದ್ದರು. ಕಾರ್ಯಾಗಾರ ಯಾವ ಶಾಖೆಯ ಮಡಿಲಲ್ಲಿತ್ತೋ ಆ ಶಾಖೆಯೇ ಮಾಯವಾಯಿತು. ಅಲ್ಲಿರುವುದು ಲೇತು, ಗರಗಸ, ತೊಗಲು, ಆದ್ದರಿಂದ ಅದು ಸರಂಜಾಮು ಶಾಖೆಯ ಕೂಸು ಎಂದರು ವೈದ್ಯಕೀಯದ ಜನರಲ್. ಅಲ್ಲಿಗೆ ಬರುವವರು ಗಾಯಾಳುಗಳೇ ಹೊರತು ಕೆಟ್ಟ ಲಾರಿಗಳಲ್ಲ ಎಂದರು ಸರಂಜಾಮಿನ ಜನರಲ್. ಮೂರು ತಿಂಗಳು ಕಡತ ಇಬ್ಬರ ಬಾಗಿಲಿಗೂ ಎಡತಾಕಿ ಸವೆಯಿತು. ಸಹಿಯಾದ ನಕ್ಷೆಯಲ್ಲಿ ಗೆರೆಯಿಲ್ಲದ ಘಟಕಕ್ಕೆ ಮರ ಕೊಡಲೂ ಆಳು ಕೊಡಲೂ ಅಧಿಕಾರಿ ಇರುವುದಿಲ್ಲ; ಬರುವ ಒಂದನೇ ತಾರೀಖಿಗೆ ಅದಕ್ಕೆ ಬೀಗ. ಮುಖ್ಯಸ್ಥರು ನಕ್ಷೆಗೆ ಸಹಿ ಹಾಕುವುದು ಇವತ್ತು, ಹನ್ನೊಂದು ಗಂಟೆಗೆ.

ಅಳತೆಗೋಲಿಗೆ ಇದೆಲ್ಲ ಗೊತ್ತಿತ್ತು. ನಕ್ಷೆಗಾರ್ತಿಯ ತಮ್ಮ ಅಲ್ಲಿಯೇ ಕೆಲಸಕ್ಕಿದ್ದಾನೆನ್ನುವುದೂ ಗೊತ್ತಿತ್ತು.

ಆ ತಮ್ಮ ಇಪ್ಪತ್ತನಾಲ್ಕಕ್ಕೇ ನೆಲಬಾಂಬಿಗೆ ಎಡಗಾಲು ಕೊಟ್ಟು ಮನೆಗೆ ಬಂದವನು. ಆರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ. ಅಕ್ಕ ತಟ್ಟೆ ಹಿಡಿದು ಬಂದರೂ ಗೋಡೆ, ಬೈದರೂ ಗೋಡೆ. ಕಡೆಗೆ ಕಾರ್ಯಾಗಾರದ ಮುದುಕ ಬಡಗಿ ಬಂದು ಅಳತೆ ತೆಗೆದುಕೊಂಡ. ಕಾಲು ಮಾಡುವುದು ತನ್ನ ಕೆಲಸ, ನಡೆಯುವುದು ಅವನ ಕೆಲಸ, ಬೆರೆಸಬಾರದು ಎಂದು ಹೇಳಿ ಹೋದ. ಕಾಲು ಹಾಕಿಸಿಕೊಳ್ಳಲು ಹೋದ ತಮ್ಮ ಕಾಲು ಮಾಡಲು ಅಲ್ಲೇ ಉಳಿದ. ಈಗ ಮನೆಯಲ್ಲಿ ಅವನ ಬಾಯಿಗೆ ಬೀಗವಿರಲಿಲ್ಲ. ಚಳಿಗಾಲ ಬಂದರೆ ತನ್ನ ಬಲಗಾಲಿಗೆ ಎಡಗಾಲಿನ ಮೇಲೆ ಹೊಟ್ಟೆಕಿಚ್ಚು ಎನ್ನುತ್ತಿದ್ದ. ಬೀಗದ ಸುದ್ದಿ ಕಿವಿಗೆ ಬಿದ್ದ ಮೇಲೆ ಮಾತು ನಿಂತಿತ್ತು. ನಿನ್ನೆ ಅವಳು ಕೆಲಸ ಮುಗಿಸಿ ಮನೆಗೆ ಹೋದಾಗ, ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಗೆರೆ ಎಳೆಯೋ ಅಧಿಕಾರ ನನಗಿಲ್ಲ ಸರ್," ಎಂದಳು ನಕ್ಷೆಗಾರ್ತಿ. "ಇರೋದನ್ನ ಇಲ್ಲ ಅಂತ ತೋರಿಸೋ ಅಧಿಕಾರವೂ ಇಲ್ಲ."

ಅವರು ನಿಟ್ಟುಸಿರು ಬಿಟ್ಟರು. ನಾಳೆ ನಾಲ್ಕು ಜನ ತಮ್ಮನಿಗೋಸ್ಕರ ಮಾಡಿದಳು ಅಂತಾರೆ, ಕೆಲಸಕ್ಕೇ ಕುತ್ತು ಬರುತ್ತದೆ ಎಂದು ಬುದ್ಧಿ ಹೇಳಿ ಚಹಾ ಕುಡಿಯಲು ಹೋದರು. ಬರುವಷ್ಟರಲ್ಲಿ ಪುಟ್ಟ ಚೌಕದ ನಾಲ್ಕೂ ಬದಿ ಕಪ್ಪು ಶಾಯಿಯಲ್ಲಿ ಮಿರುಗುತ್ತಿತ್ತು. ಹಾಳೆ ಹರಿಯದ ಹೊರತು ಅದು ಹೋಗುವಂತಿರಲಿಲ್ಲ. ಹೊಸ ಹಾಳೆಗೆ ಹೊತ್ತೂ ಇರಲಿಲ್ಲ.

ಹನ್ನೊಂದಕ್ಕೆ ಮುಖ್ಯಸ್ಥರು ಬಂದರು. ಗಿಡ್ಡನೆಯ ಮನುಷ್ಯ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಹಿಂದೆ ಏಳೂ ಜನರಲ್‌ಗಳು, ಮದುವೆ ಮನೆಗೆ ಬಂದ ಬೀಗರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಳ್ಳುತ್ತ. ಮೇಲಿನ ಚೌಕದಲ್ಲಿ ಯಾರಿದ್ದಾರೆಂದು ತಮಗೆ ಗೊತ್ತಿದೆ, ಕೆಳಗಿಂದ ನೋಡೋಣ ಎಂದು ಮುಖ್ಯಸ್ಥರು ಕನ್ನಡಕ ಏರಿಸಿಕೊಂಡು ನೇರವಾಗಿ ಬಲಮೂಲೆಗೇ ಬಗ್ಗಿದರು. ಬೆರಳು ಪುಟ್ಟ ಚೌಕದಿಂದ ಮೇಲಕ್ಕೆ ಹೊರಟಿತು, ದಾರಿ ಕಾಣದೆ ಬಿಳಿ ಹಾಳೆಯಲ್ಲಿ ನಿಂತಿತು.

"ಇದು ಯಾರದ್ದು?"

ಅಳತೆಗೋಲು ಕೈತಪ್ಪಿನ ಮಾತೆತ್ತಿದರು. ತನ್ನನ್ನು ಉಳಿಸಲೆಂದೇ ಆ ಸುಳ್ಳು ಎಂದು ಅವಳಿಗೆ ಗೊತ್ತಾಯಿತು. ಆದರೂ ಮುಂದೆ ಬಂದಳು.

"ಕೈ ತಪ್ಪಿಲ್ಲ ಸಾಹೇಬ್ರೆ. ಗೆರೆ ಇಲ್ಲ, ಅದಕ್ಕೇ ಎಳೆದಿಲ್ಲ. ಅಲ್ಲಿ ನನ್ನ ತಮ್ಮ ಕೆಲಸ ಮಾಡ್ತಾನೆ. ಅದನ್ನೂ ನಾನೇ ಹೇಳಿಬಿಡ್ತೀನಿ, ಆಮೇಲೆ ಬೇರೆಯವರು ಹೇಳೋದು ಬೇಡ."

"ಕಾಲಿಗೆ ಎಷ್ಟು ಜನ ಕಾಯ್ತಿದ್ದಾರಂತೆ?"

"ಮುನ್ನೂರ ಹನ್ನೆರಡು."

ಮುಖ್ಯಸ್ಥರು ಹಿಂದಕ್ಕೆ ತಿರುಗಿದರು. ವೈದ್ಯಕೀಯದವರು ಗರಗಸದ ಕಥೆ ತೆಗೆದರು, ಸರಂಜಾಮಿನವರು ಗಾಯಾಳುಗಳ ಕಥೆ ತೆಗೆದರು. ಇಬ್ಬರದ್ದನ್ನೂ ಪೂರ್ತಿ ಕೇಳಿ ಮುಖ್ಯಸ್ಥರು ಕನ್ನಡಕ ತೆಗೆದರು.

"ಸರಿ. ನಿಮ್ಮಿಬ್ಬರಿಗೂ ಬೇಡ ಅಂದ್ರೆ ನನ್ನ ಕೆಳಗಿರಲಿ. ಸೋಮವಾರ ಸೋಮವಾರ ಅವರ ವರದಿ ನನ್ನ ಮೇಜಿಗೆ ಬರಲಿ. ಓದೋ ಹೊತ್ತಿಗೆ ನೀವಿಬ್ಬರೂ ಬನ್ನಿ."

ಯಾರಿಗೂ ಬೇಡವಾಗಿದ್ದ ಕೂಸಿಗೆ ಆ ಗಳಿಗೆಯಿಂದ ಇಬ್ಬರು ಅಪ್ಪಂದಿರು ಹುಟ್ಟಿಕೊಂಡರು. ತಮ್ಮ ಶಾಖೆಯಲ್ಲಿ ಜಾಗ ಮಾಡಿಕೊಡಬಹುದು ಎಂದರು ಒಬ್ಬರು. ತಾವು ಮೊದಲೇ ಯೋಚಿಸಿದ್ದೆವು ಎಂದರು ಇನ್ನೊಬ್ಬರು. ಮುಖ್ಯಸ್ಥರು ಬೇಡವೆಂದು ತಲೆಯಾಡಿಸಿಬಿಟ್ಟರು: ಮೊದಲು ಮುನ್ನೂರ ಹನ್ನೆರಡು ಜನ ಎದ್ದು ನಡೆಯಲಿ, ಆಮೇಲೆ ಮಾತು.

ಅಳತೆಗೋಲು ಸಣ್ಣಗೆ ಕೆಮ್ಮಿದರು. ನೆತ್ತಿಯಿಂದ ಆ ಮೂಲೆಗೆ ಗೆರೆ ಎಳೆದರೆ ಅದು ಎರಡು ಶಾಖೆಗಳನ್ನು ಅಡ್ಡಡ್ಡ ದಾಟಬೇಕು, ಮೂವತ್ತು ವರ್ಷದಲ್ಲಿ ಈ ಕೋಣೆಯಿಂದ ಅಂಥ ನಕ್ಷೆ ಹೊರಗೆ ಹೋಗಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಎಂದು ವಿನಯದಿಂದ ಅರಿಕೆ ಮಾಡಿಕೊಂಡರು.

"ಚೆನ್ನಾಗಿರೋದು ಬೇಡ," ಎಂದರು ಮುಖ್ಯಸ್ಥರು, ಬಾಗಿಲ ಕಡೆ ನಡೆಯುತ್ತ. "ದಿನಾ ಕಣ್ಣಿಗೆ ಚುಚ್ಚಲಿ. ಎಳೆದು ಕಳಿಸಿ, ಸಹಿ ಹಾಕ್ತೀನಿ."

ಏಳೂ ಜನರಲ್‌ಗಳು ಅವರ ಹಿಂದೆ ಹೊರಟುಹೋದರು. ನಕ್ಷೆಗಾರ್ತಿ ಪೆನ್ನಿಗೆ ಶಾಯಿ ತುಂಬಿಕೊಂಡಳು. ಒಮ್ಮೆ ಅದನ್ನು ಕೆಳಗಿಟ್ಟು ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡಳು.

"ನಿಧಾನಕ್ಕೆ ಎಳಿ," ಎಂದರು ಅಳತೆಗೋಲು. "ನಿನ್ನ ತಮ್ಮ ಎಲ್ಲೂ ಓಡಿಹೋಗಲ್ಲ."

"ಓಡ್ತಾನೆ ಸರ್. ನಿಮಗೆ ಗೊತ್ತಿಲ್ಲ ಅವನ ವಿಷಯ."

ಅವರು ಹೋಗಿ ತಾವೇ ಫ್ಯಾನು ಆರಿಸಿ ಬಂದರು. ಹಾಳೆ ಅಲುಗಾಡದಂತೆ ಎರಡು ಮೂಲೆಗಳ ಮೇಲೆ ಅಂಗೈ ಊರಿದರು. ಅವಳು ಒಂದೇ ಉಸಿರಿಗೆ ನೆತ್ತಿಯಿಂದ ಪಾದದವರೆಗೆ ಗೆರೆ ಎಳೆದಳು. ಶಾಯಿ ಆರುವವರೆಗೆ, ಹಣೆಯಿಂದ ಬೆವರಿಳಿದು ಮೂಗಿನ ತುದಿಗೆ ಬಂದರೂ, ಅವರು ಅಂಗೈ ಎತ್ತಲಿಲ್ಲ.