ಮಾರಿದ ಗುರುತು

ಲಿಫ್ಟಿನ ಬ್ರೇಕು ಮಾಡುವ ನಮ್ಮ ಕಂಪನಿಯನ್ನು ದೊಡ್ಡವರೊಬ್ಬರು ಕೊಂಡು ಆರು ತಿಂಗಳಾಗಿತ್ತು. ನನ್ನಾಕೆ ತೀರಿಕೊಂಡು ಎಂಟು. ಅವಳು ಬ್ರೇಕು ಪರೀಕ್ಷಿಸುತ್ತಿದ್ದ ಶೆಡ್ಡಿಗೆ ಅವಳಿಲ್ಲದೆ ಕಾಲಿಡಲಾರದೆ ಮಾರಿದೆನೇ ಹೊರತು ಲಾಭ ನೋಡಿ ಅಲ್ಲ. ಬಂದ ಹಣವನ್ನು ಎಲ್ಲಿ ತೊಡಗಿಸಲೆಂದು ದಿನವೂ ಪ್ರಾರ್ಥನೆಯಲ್ಲಿ ಕೇಳುತ್ತಿದ್ದೆ. ಭಗವಂತ ಸುಮ್ಮನಿದ್ದ. ಅಳಿಯ ಸುಮ್ಮನಿರಲಿಲ್ಲ.

“ಮಾವ, ಬ್ಯಾಂಕಲ್ಲಿ ಮಲಗಿಸಿದ್ರೆ ದುಡ್ಡು ಗೊರಕೆ ಹೊಡೆಯುತ್ತೆ ಅಷ್ಟೆ. ನಾನು ಕಟ್ಟಿಸ್ತಿರೋ ಆಸ್ಪತ್ರೆಗೆ ಹಾಕಿ. ಪುಣ್ಯಾನೂ ಬರುತ್ತೆ, ಬಾಡಿಗೆನೂ ಬರುತ್ತೆ.”

“ಪುಣ್ಯಕ್ಕೆ ಬಾಡಿಗೆ ಕೇಳೋರು ಅಂದ್ರೆ ನಿಮ್ಮನ್ನೇ ಕಂಡಿದ್ದು, ಅಳಿಯಂದ್ರೇ.”

ಹಾಗೆಂದರೂ ಮನಸ್ಸು ಅತ್ತಲೇ ವಾಲಿತ್ತು. ಸಹಿ ಹಾಕುವ ಮೊದಲು ಕಟ್ಟಡ ನೋಡಲು ಹೊರಟೆವು. ಮಗಳೂ ಬಂದಳು.

ಏಳು ಮಹಡಿ. ಹೊಸ ಬಣ್ಣದ ವಾಸನೆ. ಮಂಚಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಲಿಫ್ಟು ನಮ್ಮನ್ನು ಸದ್ದಿಲ್ಲದೆ ಮೇಲಕ್ಕೆ ಒಯ್ದಿತು. ಹಳೆಯ ಚಾಳಿ ಬಿಡಲಿಲ್ಲ; ಅಲ್ಲಿದ್ದ ಲಿಫ್ಟಿನ ಮೆಕ್ಯಾನಿಕ್ಕನಿಗೆ ಹೇಳಿ ಯಂತ್ರದ ಕೋಣೆ ತೆಗೆಸಿದೆ.

ಬ್ರೇಕು ನಮ್ಮದೇ. ಅದರ ಚೀಟಿಯ ಮೇಲೆ ನನ್ನಾಕೆಯ ದುಂಡು ಸಹಿ. ಕೆಳಗೆ ಹೋದ ತಿಂಗಳ ತಾರೀಖು.

ತೀರಿಕೊಂಡು ಎಂಟು ತಿಂಗಳಾದವಳ ಸಹಿ! ಅವಳು ಪ್ರತಿ ಬ್ರೇಕಿಗೂ ಅದು ತಡೆಯಬೇಕಾದುದರ ಒಂದೂವರೆ ಪಟ್ಟು ಭಾರ ತೂಗುಹಾಕಿ, ಪೂರ್ತಿ ಒಂದು ಗಂಟೆ ಎದುರಿಗೆ ನಿಂತಿದ್ದು, ಆಮೇಲೆ ಕೈಯಾರೆ ಸಹಿ ಹಾಕುತ್ತಿದ್ದಳು. ಲಾರಿ ಕಾಯುತ್ತಿದೆಯೆಂದು ಗದರಿದರೆ, “ದೇವರ ಎದುರು ಹಾಕೋ ಸಹಿ, ಅವಸರ ಮಾಡ್ಬೇಡಿ,” ಎನ್ನುತ್ತಿದ್ದಳು.

ಕೊಂಡವರ ಮ್ಯಾನೇಜರಿಗೆ ಅಲ್ಲಿಂದಲೇ ಫೋನು ಮಾಡಿದೆ.

“ಕರಾರಲ್ಲಿ ‘ಕಂಪನಿಯ ಎಲ್ಲ ಗುರುತುಗಳು’ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ, ಯಜಮಾನ್ರೇ! ಅಮ್ಮನವರ ಸಹಿ ಕಂಡ್ರೇನೇ ಗಿರಾಕಿಗಳು ತಗೊಳ್ಳೋದು. ಅಚ್ಚು ಹಾಕಿಸಿಬಿಟ್ವಿ.”

ಗುರುತೆಂದರೆ ಬೋರ್ಡಿನ ಮೇಲಿನ ಚಕ್ರದ ಚಿತ್ರವೆಂದು ನಾನು ತಿಳಿದಿದ್ದೆ.

“ಭಾರ ಹಾಕಿ ನೋಡ್ತೀರಾ?”

“ಆ ಶೆಡ್ಡು ಈಗ ಗೋದಾಮು.”

“ಎಲ್ಲೆಲ್ಲಿಗೆ ಕಳಿಸಿದ್ದೀರಿ?”

“ಅಂಗಡಿಯೋರು ಒಯ್ತಾರೆ. ಯಾವ ಕಟ್ಟಡಕ್ಕೆ ಹೋಯ್ತು ಅಂತ ಯಾರಿಗೆ ಗೊತ್ತು?”

ಲಿಫ್ಟನ್ನು ಆಗಿಂದಾಗಲೇ ನಿಲ್ಲಿಸಲು ಮೆಕ್ಯಾನಿಕ್ಕನಿಗೆ ಹೇಳಿದೆ. ಮಗಳು ಆ ಸಹಿಯ ಮೇಲೆ ಬೆರಳಾಡಿಸುತ್ತ ನಿಂತಿದ್ದಳು.

“ಹಣ ಆಸ್ಪತ್ರೆಗಲ್ಲ, ಅಳಿಯಂದ್ರೇ. ಆ ಬ್ರೇಕುಗಳನ್ನ ಒಂದೊಂದಾಗಿ ಹುಡುಕಿ ಬಿಚ್ಚಿಸ್ತೀನಿ. ನಿಮ್ಮಿಂದಲೇ ಶುರು.”

“ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ, ಮಾವ! ಒಂದು ರೂಪಾಯಿ ವಾಪಸ್ ಬರಲ್ಲ.”

“ಬರೋದು ಬೇಡ. ಅವಳ ಹೆಸರಲ್ಲಿ ಯಾರೂ ಸಾಯದಿದ್ರೆ ಸಾಕು.”

ಮೆಟ್ಟಿಲಿಳಿಯತೊಡಗಿದೆವು. ನಾಲ್ಕನೆಯ ಮಹಡಿಯ ಕಿಟಕಿಯ ಬಳಿ ದಣಿವಾರಿಸಿಕೊಳ್ಳಲು ನಿಂತೆ. ಮಗಳು ತೋಳು ಹಿಡಿದುಕೊಂಡಳು.

“ಇಲ್ಲಿ ಬಿಚ್ಚಿಸಿದ ಮೇಲೆ ಎಲ್ಲಿಗೆ, ಅಪ್ಪ?” ಎಂದು ಕೇಳಿದಳು.

ಎದುರು ಕಟ್ಟಡದ ಗಾಜಿನ ಲಿಫ್ಟು ಜನರನ್ನು ತುಂಬಿಕೊಂಡು ಮೇಲೇರುತ್ತಿತ್ತು. ಅದರಾಚೆಯ ಕಟ್ಟಡದಲ್ಲೂ ಒಂದು. ನಾನು ಕೈಯೆತ್ತಿದೆ, ಯಾವುದರತ್ತ ತೋರಿಸಲೆಂದು ತಿಳಿಯಲಿಲ್ಲ.