ಹದಿನಾಲ್ಕನೇ ನಂಬರಿನ ಪುಂಡಿಪಲ್ಲೆ

ನಾನು ಒಂದು ರಿಜಿಸ್ಟರು. ಎರೆಹುಣಸಿ ಊರಿನ ಸರಕಾರಿ ಕನ್ನಡ ಶಾಲೆಯ ದಾಖಲಾತಿ ರಿಜಿಸ್ಟರು. ಹಾಜರಿ ಪುಸ್ತಕ ಅಂದುಕೊಂಡೀರಿ, ಜೋಕೆ! ಹಾಜರಿ ಪುಸ್ತಕ ವರ್ಷಕ್ಕೊಂದು ಹುಟ್ಟುತ್ತದೆ, ಪರೀಕ್ಷೆ ಮುಗಿದ ಮೇಲೆ ಯಾವ ಮೂಲೆ ಸೇರಿತು ಅಂತ ಕೇಳುವವರೂ ಇರುವುದಿಲ್ಲ. ನನ್ನ ಮಾತು ಬೇರೆ. ನನ್ನೊಳಗೆ ಒಮ್ಮೆ ಹೆಸರು ಬಿತ್ತೋ, ಮುಗಿಯಿತು. ಅದೇ ಖರೆ. ಈ ಜಂಬ ನನಗೆ ಬಹಳ ದಿನ ಇತ್ತು. ಆಮೇಲೆ ಅದೇ ನನ್ನ ಹೊಟ್ಟೆಯುರಿಗೆ ಕಾರಣವಾಯಿತು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ದಪ್ಪ ದಾರದಿಂದ ನನ್ನನ್ನು ಹೊಲಿದರು, ಬೆನ್ನಿಗೆ ಕೆಂಪು ಅರಿವೆ ಅಂಟಿಸಿದರು. ಹುಳ ಹತ್ತಬಾರದೆಂದು ಅಂಟಿನಲ್ಲಿ ಮೈಲುತುತ್ತ ಬೆರೆಸಿದ್ದರು. ಆ ವಿಷ ಕುಡಿದೇ ನಾನು ಇಷ್ಟು ಕಾಲ ಬದುಕಿದ್ದೇನೆ. ನನ್ನ ಒಂದೊಂದು ಪುಟಕ್ಕೂ ಉದ್ದುದ್ದ ಗೆರೆ ಎಳೆದು ಮನೆ ಮಾಡಿದ್ದರು: ನಂಬರು, ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು, ಪಾಲಕರ ಸಹಿ. ಕಟ್ಟಕಡೆಗೆ ಒಂದು ಅಗಲವಾದ ಖಾಲಿ ಮನೆ, ಅದರ ನೆತ್ತಿಯ ಮೇಲೆ 'ಷರಾ' ಎಂದು ಅಚ್ಚಾಗಿತ್ತು. ವಿಶೇಷ ಏನಾದರೂ ಇದ್ದರೆ ಬರೆಯುವ ಜಾಗ ಅದು. ಯಾರೂ ಅದರಲ್ಲಿ ಏನೂ ಬರೆಯುತ್ತಿರಲಿಲ್ಲ.

ಮೊದಲು ನನ್ನನ್ನು ತೆರೆದವರು ನಾಯಕ ಮಾಸ್ತರರು. ಅಂಕೋಲೆಯ ಕಡೆಯವರು, ಕೈಬರಹ ಮುತ್ತಿನಂಥದ್ದು, ಸಿಟ್ಟು ಮೂಗಿನ ತುದಿಯಲ್ಲಿ. ಹುಟ್ಟಿದ ದಿನ ಕೇಳಿದರೆ ಊರವರು, "ಕಾರಹುಣ್ಣಿವಿ ಆದ ಮ್ಯಾಲೆ ರೀ, ಎಮ್ಮಿ ಈದಿತ್ತಲ್ಲ, ಅವತ್ತ" ಎನ್ನುತ್ತಿದ್ದರು. ಮಾಸ್ತರರು ಎಮ್ಮೆಯ ಲೆಕ್ಕ ಬಿಟ್ಟು ಎಲ್ಲರಿಗೂ ಜೂನ್ ಒಂದು ಎಂದು ಬರೆದರು. ನನ್ನ ಪ್ರಕಾರ ಎರೆಹುಣಸಿಯ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೇ. ಆ ದಿನ ಊರ ಸೂಲಗಿತ್ತಿಯ ಗತಿ ಏನಾಗಿರಬೇಕು, ನೀವೇ ಯೋಚಿಸಿ!

ಇನ್ನು ಅಡ್ಡಹೆಸರಿನ ಕಥೆ. ನಮ್ಮ ಕಡೆ ಮನೆತನದ ಹೆಸರಿಗೆ ಅಡ್ಡಹೆಸರು ಎನ್ನುತ್ತಾರೆ. ಅಂದು ಬೆಳಿಗ್ಗೆ ಮೊದಲು ಬಂದವರು ಮೆಣಸಿನಕಾಯಿಯವರು. ಆಮೇಲೆ ಉಳ್ಳಾಗಡ್ಡಿಯವರು. ಅವರ ಹಿಂದೆ ಬೆಲ್ಲದವರು. "ಇದು ಶಾಲೆಯ ಯಾದಿಯೋ ಸಂತೆಯ ಯಾದಿಯೋ ಮಾರಾಯ?" ಎಂದು ಮಾಸ್ತರರು ಮೊದಮೊದಲು ನಕ್ಕರು. ಹತ್ತು ಹೆಸರು ದಾಟುವ ಹೊತ್ತಿಗೆ ನಗುವುದನ್ನೂ ಬಿಟ್ಟು, ಕಿವಿಗೆ ಬಿದ್ದದ್ದನ್ನು ಬರೆಯುತ್ತ ಹೋದರು.

ಹದಿನಾಲ್ಕನೆಯವನಾಗಿ ಬಂದವನು ಆರು ವರ್ಷದ ಫಕೀರಪ್ಪ. ಅವನ ಕೈ ಹಿಡಿದಿದ್ದವನು ಅಪ್ಪ ಯಮನಪ್ಪ. ಬಗಲಲ್ಲಿ ಒಂದು ಹಸಿರು ಗಂಟು. ಮಾಸ್ತರರ ಮನೆ ಶಾಲೆಯ ಹಿಂದಿನ ಕೋಣೆಯಲ್ಲೇ ಇತ್ತು. ಮಾಸ್ತರರು ಮಸಿಯಲ್ಲಿ ಟಾಕು ಅದ್ದಿ, "ಅಡ್ಡಹೆಸರು ಎಂತದು?" ಎಂದು ಕೇಳಿದ್ದಕ್ಕೂ, ಅವರ ಹೆಂಡತಿ ಒಳಬಾಗಿಲಿನಿಂದ ಇಣುಕಿ, "ಗಂಟಲ್ಲಿ ಎಂತದು?" ಎಂದು ಕೇಳಿದ್ದಕ್ಕೂ ಸರಿಹೋಯಿತು. ಯಮನಪ್ಪ ಮರ್ಯಾದಸ್ಥ. ಹೆಣ್ಣುಮಗಳಿಗೆ ಮೊದಲು ಉತ್ತರ ಕೊಟ್ಟ.

"ಪುಂಡಿಪಲ್ಲೆ ರೀ."

ಮಾಸ್ತರರು ಬರೆದೇಬಿಟ್ಟರು: ಫಕೀರಪ್ಪ, ಯಮನಪ್ಪ, ಪುಂಡಿಪಲ್ಲೆ.

ಅಯ್ಯೋ ಮಾಸ್ತರೇ, ಅದು ಸೊಪ್ಪು! ಹುಳಿ ಸೊಪ್ಪು! ರೊಟ್ಟಿಗೆ ಹಚ್ಚಿಕೊಂಡು ತಿನ್ನುವಂಥದ್ದು! ನಾನು ಕೂಗಿಕೊಂಡೆ. ಕಾಗದದ ಕೂಗು ಯಾರಿಗೆ ಕೇಳಬೇಕು? ಮೆಣಸಿನಕಾಯಿ ಮನೆತನವಾದರೆ ಪುಂಡಿಪಲ್ಲೆ ಯಾಕಾಗಬಾರದು ಅಂತ ಅವರಿಗೆ ಅನಿಸಿರಬೇಕು. ಯಮನಪ್ಪನಿಗೆ ಓದು ಬರದು. ಸಹಿಯ ಮನೆಯಲ್ಲಿ ಹೆಬ್ಬೆಟ್ಟು ಒತ್ತಿದ. ಅವನ ಹೆಬ್ಬೆಟ್ಟಿನ ಮೇಲೆ ಕುಡಗೋಲಿನ ಹಳೆಯ ಗಾಯವಿತ್ತು, ಓರೆಯಾಗಿ. ಮಸಿಯಲ್ಲಿ ಅದು ಬಿಳಿ ಗೆರೆಯಾಗಿ ಮೂಡಿತು.

ತರಗತಿಯಲ್ಲಿ ಹುಡುಗನನ್ನು ಫಕೀರಪ್ಪ ಯಮನಪ್ಪ ಎಂದೇ ಕರೆಯುತ್ತಿದ್ದರು, ಹೀಗಾಗಿ ತಪ್ಪು ಯಾರಿಗೂ ಗೊತ್ತಾಗಲಿಲ್ಲ. ಮೂರು ವರ್ಷದ ಮೇಲೆ ಯಮನಪ್ಪ ಕಿರಿಯ ಮಗ ಶಿವಪ್ಪನನ್ನು ಕರೆತಂದ. ಅಷ್ಟರಲ್ಲಿ ಬೇರೆ ಮಾಸ್ತರರು ಬಂದಿದ್ದರು. ಈ ಸಲ ಗಂಟೂ ಇರಲಿಲ್ಲ, ಒಳಬಾಗಿಲಿನಿಂದ ಪ್ರಶ್ನೆಯೂ ಬರಲಿಲ್ಲ. ಎಂಬತ್ತಮೂರನೇ ನಂಬರು: ಶಿವಪ್ಪ, ಯಮನಪ್ಪ, ಗೋನಾಳ. ಅದೇ ಅವರ ನಿಜವಾದ ಮನೆತನ. ಒಂದೇ ಒಲೆಯ ಅನ್ನ ಉಂಡ ಅಣ್ಣತಮ್ಮಂದಿರು ನನ್ನೊಳಗೆ ಬೇರೆ ಬೇರೆ ಮನೆಯವರಾದರು.

ಏಳನೇ ಇಯತ್ತೆ ಮುಗಿಸಿ ಫಕೀರಪ್ಪ ದಾಖಲೆ ಕೇಳಲು ಬಂದ. ನನ್ನನ್ನು ನೋಡಿ ಪ್ರತಿ ಬರೆದುಕೊಟ್ಟರು. ಹುಡುಗ ಓದಿ ಗಾಬರಿಯಾದ.

"ಸರ್, ನಮ್ಮದು ಗೋನಾಳ ರೀ. ಪುಂಡಿಪಲ್ಲೆ ಅಲ್ಲ."

"ರಿಜಿಸ್ಟರದಾಗ ಇದ್ದದ್ದ ಖರೇ ತಮ್ಮಾ, ತಿದ್ದಾಕ ಬರೂದಿಲ್ಲ. ನಡಿ."

ಅವನು ಆ ಕಾಗದವನ್ನೇ ಮಡಿಚಿಟ್ಟುಕೊಂಡು ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದ. ಅವನು ಹೋದ ದಾರಿ ನೋಡುತ್ತ ನಾನು ಮೇಜಿನ ಮೇಲೆ ಬಿದ್ದುಕೊಂಡಿದ್ದೆ. ನನಗೆ ಬಹಳ ಕೆಟ್ಟದೆನಿಸಿತು.

ನನ್ನ ಹಾಳೆಗಳು ತುಂಬಿದವು, ಹೊಸ ರಿಜಿಸ್ಟರು ಬಂತು. ಆಮೇಲೆ ನನ್ನ ಪಾಡು ಕೇಳಬೇಡಿ. ಒಂದು ಮೇಜಿಗೆ ಕಾಲು ಗಿಡ್ಡವಿತ್ತು, ಹದಿನೇಳು ವರ್ಷ ಅದರ ಕೆಳಗಿದ್ದೆ. ಬಿಸಿಯೂಟ ಶುರುವಾದಾಗ ಅಡುಗೆಯವರು ನನ್ನನ್ನು ಎಳೆದು ಸಾರಿನ ಬೋಗುಣಿಯ ಮುಚ್ಚಳದ ಮೇಲೆ ಹೇರಿದರು. ಎರಡು ಕಲೆ ಬಿದ್ದವು. ನನಗೆ ಕಲೆ ಎಂದರೆ ಮೈ ಉರಿಯುತ್ತದೆ. ಸರಕಾರಿ ದಾಖಲೆಯ ಮೇಲೆ ಬೇಳೆಸಾರು! ಕಡೆಗೊಂದು ದಿನ ರದ್ದಿಯವನ ಚೀಲದೊಳಗೆ ಅರ್ಧ ಇಳಿದಿದ್ದೆ. ಹೊಸದಾಗಿ ಬಂದಿದ್ದ ಮುಖ್ಯೋಪಾಧ್ಯಾಯಿನಿ ಪ್ರೇಮಾ ಬಾರಕೇರ ಅಕ್ಕೋರು ಓಡಿಬಂದು ಕಿತ್ತುಕೊಂಡರು.

"ಏ ಇಡಪಾ ಕೆಳಗ! ಊರ ಮಂದಿ ಅಷ್ಟೂ ಇದರಾಗ ಅದಾರ!"

ಆ ಅಕ್ಕೋರಿಗೆ ಪುಣ್ಯ ಬರಲಿ. ನನ್ನನ್ನು ಒರೆಸಿ, ಕೆಂಪು ವಸ್ತ್ರದಲ್ಲಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿ ಮಲಗಿಸಿದರು.

ಅದೇ ಅಕ್ಕೋರು ಒಂದು ಬೇಸಿಗೆ ರಜೆಯ ಭಾನುವಾರ ಕಪಾಟು ತೆರೆದರು. ಪಡಸಾಲೆಯಲ್ಲಿ ಐದಾರು ಮಂದಿ ಕೂತಿದ್ದರು. ತಾಲೂಕಿನ ಗ್ರಂಥಾಲಯದಲ್ಲಿ ವಾರವಾರ ಸೇರುವ 'ಬೇರು ಬಳಗ'ದವರಂತೆ. ಹಳೆಯ ಮತದಾರರ ಯಾದಿ, ಪಂಚಾಯಿತಿಯ ಜನನ-ಮರಣದ ಪುಸ್ತಕ, ನನ್ನಂಥ ಶಾಲಾ ರಿಜಿಸ್ಟರು, ಎಲ್ಲವನ್ನೂ ಓದಿ, ಮೊಬೈಲಿನಲ್ಲಿ ಫೋಟೋ ಹೊಡೆದು, ತಮ್ಮ ಹಿರಿಯರನ್ನು ಹುಡುಕುವವರಿಗೆ ಪುಕ್ಕಟೆಯಾಗಿ ಕೊಡುತ್ತಾರೆ. ಅವರ ಮುಂದಾಳು ಮಾಬುಸಾಬ ನದಾಫ. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಜನರ ಹೆಬ್ಬೆಟ್ಟು ಒತ್ತಿಸಿ ನಿವೃತ್ತರಾದವರು, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಅವರ ಪಕ್ಕದಲ್ಲಿ ಅರವತ್ತರ ಒಬ್ಬ ಹೆಣ್ಣುಮಗಳು ಸೆರಗಿನ ತುದಿ ತಿರುವುತ್ತ ಕೂತಿದ್ದಳು.

"ಇವರು ಕಸ್ತೂರಿ ಅಂತ ರೀ ಅಕ್ಕೋರ, ಸೊಲ್ಲಾಪುರದಾಗ ನರ್ಸ್ ಇದ್ರು" ಎಂದರು ಮಾಬುಸಾಬ. "ಅಡ್ಡಹೆಸರು ಪುಂಡಿಪಲ್ಲೆ."

ನನ್ನ ಹೊಲಿಗೆಯ ದಾರಗಳೆಲ್ಲ ಜುಮ್ಮೆಂದವು. ಫಕೀರಪ್ಪನ ಮಗಳು!

"ನಾ ಐದು ವರ್ಷದಾಕಿ ಇದ್ದಾಗ ಅಪ್ಪ ತೀರಿಹ್ವಾದ" ಎಂದಳು ಕಸ್ತೂರಿ. "ಅವ್ವ ಸೊಲ್ಲಾಪುರದಾಕಿ, ಆಕಿಗೆ ಇಲ್ಲಿದೇನೂ ಗೊತ್ತಿರಲಿಲ್ಲ. ಒಬ್ಬ ತಮ್ಮ ಇದ್ದಾನ ಅಂತ ಅಪ್ಪ ಹೇಳ್ತಿದ್ನಂತ, ಅಷ್ಟ. ನಮ್ಮಪ್ಪಂದು ಒಂದು ಫೋಟೋನೂ ಇಲ್ರಿ ಅಕ್ಕೋರ. ಅಂವನ ಮಾರಿನ ನನಗ ನೆನಪಿಲ್ಲ. ಆ ಕಾಕಾ ಸಿಕ್ರ ಅಂವನ ಮಾರಿಯೊಳಗ ನಮ್ಮಪ್ಪನ್ನ ನೋಡಬೇಕಂತ ಆಸೆ."

ಅಪ್ಪನ ಶಾಲೆಯ ದಾಖಲೆಯೊಂದನ್ನೇ ಹಿಡಿದು ಅವಳು ಊರೆಲ್ಲ ತಿರುಗಿದ್ದಳಂತೆ. "ಪುಂಡಿಪಲ್ಲೆ ಅನ್ನೂ ಮನಿತನ ನಮ್ಮೂರಾಗ ಇಲ್ಲ ತಂಗಿ. ಪಲ್ಲೆ ಬೇಕಾದ್ರ ಹೊಲದಾಗೈತಿ" ಎಂದು ಜನ ನಕ್ಕಿದ್ದರು. ಹೆಳವರ ದುರಗಪ್ಪನನ್ನೂ ಕೇಳಿದ್ದರು. ಹೆಳವರೆಂದರೆ ಗೊತ್ತಲ್ಲ, ತಲೆತಲಾಂತರದಿಂದ ಮನೆಮನೆಯ ವಂಶಾವಳಿ ಹೇಳುವವರು. ದುರಗಪ್ಪನೂ ತನ್ನ ಹೊತ್ತಿಗೆ ತಿರುವಿ ತಲೆಯಾಡಿಸಿದ್ದ. ಅವನ ಹೊತ್ತಿಗೆಯಲ್ಲಿ ಹುಡುಕುವುದು ಮನೆತನದ ಹೆಸರು ಹಿಡಿದು. ಹೆಸರೇ ತಪ್ಪಿದರೆ ಅವನಾದರೂ ಏನು ಮಾಡಿಯಾನು? ಎಲ್ಲ ನನ್ನಿಂದ ಆದದ್ದು, ಮತ್ಯಾರಿಂದಲೂ ಅಲ್ಲ.

ಮಾಬುಸಾಬ ನನ್ನ ಮೊದಲ ಪುಟ ತೆರೆದರು. ಹದಿನಾಲ್ಕನೇ ಸಾಲಿನ ಮೇಲೆ ಕಸ್ತೂರಿ ಬೆರಳಿಟ್ಟಳು. ಅಪ್ಪನ ಹೆಸರನ್ನು ಎರಡು ಸಲ ಸವರಿದಳು.

"ಇದು ನಿಮ್ಮಜ್ಜನ ಹೆಬ್ಬಟ್ಟು ನೋಡ್ರಿ ತಂಗಿ" ಎಂದು ಮಾಬುಸಾಬ ಭೂತಗನ್ನಡಿ ಹಿಡಿದರು. "ಅಡ್ಡ ಗಾಯ ಐತಿ. ಕುಡಗೋಲು ಬಡದದ್ದಿರಬೇಕು."

ಆಮೇಲೆ ಅವರು ಪುಟ ತಿರುವುತ್ತ ಹೋದರು. ಯಮನಪ್ಪ ಎಂಬ ಹೆಸರಿನ ತಂದೆಯರು ನನ್ನೊಳಗೆ ನಾಲ್ವರಿದ್ದಾರೆ. ಒಬ್ಬೊಬ್ಬರ ಹೆಬ್ಬೆಟ್ಟನ್ನೂ ನೋಡಿದರು. ತಿರುವಿರಿ ಸಾಹೇಬರೇ, ಇನ್ನೆರಡು ಪುಟ ತಿರುವಿರಿ ಅಂತ ನಾನು ಒಳಗೇ ಚಡಪಡಿಸುತ್ತಿದ್ದೆ. ಅಷ್ಟರಲ್ಲಿ ಚಹಾ ಬಂತು. ಅಂಥ ಹೊತ್ತಿನಲ್ಲೇ ಚಹಾ ಬರಬೇಕೇ? ಕುಡಿದು, ಮೀಸೆ ಒರೆಸಿಕೊಂಡು, ಮತ್ತೆ ತಿರುವಿದರು. ಎಂಬತ್ತಮೂರಕ್ಕೆ ಬಂದು ಅವರ ಕೈ ನಿಂತಿತು.

"ಅಕ್ಕೋರ, ಸ್ವಲ್ಪ ಇಲ್ಲಿ ಬರ್ರಿ. ಅದ ಗಾಯ. ಅದ ಓರೆ. ಹೆಸರು ಸುಳ್ಳು ಹೇಳಿದ್ರೂ ಹೆಬ್ಬಟ್ಟು ಹೇಳೂದಿಲ್ರಿ. ಇಬ್ಬರೂ ಒಬ್ಬನ ಮಕ್ಕಳು! ತಂಗಿ, ನಿಮ್ಮದು ಗೋನಾಳ ಮನಿತನ!"

ಕೂಡಲೇ ದುರಗಪ್ಪನಿಗೆ ಫೋನು ಹೋಯಿತು. ಹಿಂದಿನವರು ಎತ್ತಿನ ಮೇಲೆ ಬರುತ್ತಿದ್ದರು, ಅವನು ಮೋಟಾರ್ ಸೈಕಲ್ಲಿನ ಮೇಲೆ ಅರ್ಧ ತಾಸಿನಲ್ಲಿ ಬಂದ. ಗೋನಾಳ ಎಂದದ್ದೇ ತಡ, ಹೊತ್ತಿಗೆಯನ್ನೂ ಬಿಚ್ಚದೆ ಶುರುಮಾಡಿದ.

"ಗೋನಾಳದಿಂದ ಎದ್ದು ಬಂದ ಹನುಮಪ್ಪ, ಹನುಮಪ್ಪನ ಮಗ ಯಮನಪ್ಪ, ಯಮನಪ್ಪಗ ಇಬ್ಬರು. ಹಿರಿಯಾಂವ ಫಕೀರಪ್ಪ ಸೊಲ್ಲಾಪುರಕ್ಕ ಹ್ವಾದ, ಮುಂದ ತಿಳೀಲಿಲ್ಲ. ಕಿರಿಯಾಂವ ಶಿವಪ್ಪ ಅಪ್ಪನ ಕೂಡ ಕರಡಿಹಾಳಕ್ಕ ಹ್ವಾದ. ಹೋದ ವರ್ಷ ಅವರ ಮನ್ಯಾಗ ಜ್ವಾಳ ಇಸ್ಕೊಂಡು ಬಂದೀನಲ್ಲವ್ವಾ! ಗಟ್ಟಿಮುಟ್ಟ ಅದಾನ!"

ನನಗಿಂತ ಹೆಳವರ ಹೊತ್ತಿಗೆ ದೊಡ್ಡದೇ ಅಂತ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಆಗಲಿ ಬಿಡಿ. ಕಸ್ತೂರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನೂ ಕುಣಿಯುವಂತಿದ್ದರೆ ಕುಣಿಯುತ್ತಿದ್ದೆ.

ಮುಂದಿನ ಭಾನುವಾರ ಶಾಲೆಯ ಮುಂದೆ ಒಂದು ಟಂಟಂ ನಿಂತಿತು. ಶಿವಪ್ಪ ಇಳಿದ. ಎಪ್ಪತ್ತೊಂಬತ್ತರ ಮುದುಕ, ತಲೆಗೆ ದೊಡ್ಡ ರುಮಾಲು, ಕೈಯಲ್ಲಿ ಬುತ್ತಿಯ ಗಂಟು. ಕಸ್ತೂರಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು.

"ಕಾಕಾ, ಒಂದೀಟು ರುಮಾಲು ತಗೀರಿ. ಮಾರಿ ಪೂರಾ ನೋಡ್ತೀನಿ."

ಮುದುಕ ರುಮಾಲು ಬಿಚ್ಚಿ, ಶಾಲೆಯ ಹುಡುಗನಂತೆ ನೆಟ್ಟಗೆ ನಿಂತ. ಅವಳು ನೋಡಿದಳು. ಹಣೆ, ಹುಬ್ಬು, ಮೂಗು, ಎಲ್ಲವನ್ನೂ ನೋಡಿದಳು. ಅವನೂ ಅವಳನ್ನೇ ನೋಡಿದ.

"ಅಣ್ಣ ಥೇಟ್ ನನ್ನಂಗ ಇದ್ದವ್ವ. ಬಣ್ಣ ಒಂದು ಚೂರು ಕಪ್ಪು" ಎಂದ. "ನಿನ್ನ ಗದ್ದ ನಮ್ಮವ್ವಂದ."

ಆಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಪಡಸಾಲೆಯಲ್ಲಿ ಕೂತರು. ಅಪ್ಪನೂ ತಾನೂ ಎರೆಹುಣಸಿ ಬಿಟ್ಟ ಮೇಲೆ ಅಣ್ಣನ ಪತ್ರಗಳು ನಿಂತವಂತೆ. ಅಪ್ಪ ತೀರಿದಾಗ ಸುದ್ದಿ ಹೇಳಲು ಶಿವಪ್ಪ ಸೊಲ್ಲಾಪುರಕ್ಕೆ ಹೋಗಿದ್ದನಂತೆ. "ಗಿರಣಿ ಬಾಗಲಾಗ ಮೂರು ದಿನ ಕುಂತೆವ್ವಾ. ಫಕೀರಪ್ಪ ಗೋನಾಳ, ಫಕೀರಪ್ಪ ಗೋನಾಳ ಅಂತ ಕೇಳೇ ಕೇಳಿದೆ. ಅಂಥಾ ಹೆಸರು ನಮ್ಮ ಯಾದಿಯೊಳಗಿಲ್ಲ ಅಂದ್ರು. ಅಣ್ಣ ನಮ್ಮನ್ನ ಮರತಾನ ಅಂತ ಅತ್ಕೋತ ಬಂದೆ."

ನಾನು ಕಪ್ಪಗಾದೆ. ಅಣ್ಣ ಆ ಗೋಡೆಯ ಆಚೆಗೇ ದುಡಿಯುತ್ತಿದ್ದ, ಪುಂಡಿಪಲ್ಲೆಯಾಗಿ.

ಅಕ್ಕೋರು ಮಾತು ತಿರುಗಿಸಿ ಬುತ್ತಿ ಬಿಚ್ಚಿಸಿದರು. ಜೋಳದ ರೊಟ್ಟಿ, ಕೆಂಪು ಚಟ್ನಿ, ಮತ್ತೆ ಏನು ಗೊತ್ತೇ? ಎಣ್ಣೆ ಮಿಂಚುವ ಪುಂಡಿಪಲ್ಲೆ! ಕಸ್ತೂರಿ ಅದನ್ನು ನೋಡಿ ಕಣ್ಣೀರಿನಲ್ಲೇ ಕಿಸಕ್ಕನೆ ನಕ್ಕಳು.

"ನಮ್ಮಪ್ಪ ಇದನ್ನ ಮನಿಯೊಳಗ ತರಗೊಡ್ತಿರಲಿಲ್ಲಂತ ಕಾಕಾ. ಹೆಸರು ಪುಂಡಿಪಲ್ಲೆ, ಪಲ್ಲೆ ಕಂಡ್ರ ಓಡ್ತಾನ ಅಂತ ಅವ್ವ ಕಾಡಸ್ತಿದ್ಲು."

ಶಿವಪ್ಪ ತೊಡೆ ತಟ್ಟಿದ. "ಅಂವ ನಮ್ಮಣ್ಣನ! ಪುಂಡಿಪಲ್ಲೆ ಅಂದ್ರ ಅಂವಗ ಆಗ್ತಿದ್ದಿಲ್ಲ. ಅಂವನ್ನ ಸಾಲಿಗೆ ಹಾಕೂ ದಿನ ಅಪ್ಪ ಮಾಸ್ತರ ಮನಿಗಂತ ಒಂದು ಗಂಟು ಪುಂಡಿಪಲ್ಲೆ ಒಯ್ದಿದ್ನಂತ. ಇವತ್ತರ ಮನ್ಯಾಗ ತಪ್ಪಿತಲ್ಲ ಅಂತ ಅಣ್ಣ ಕುಣದಾಡಿದ್ನಂತ. ಅವ್ವ ಹೇಳಿ ಹೇಳಿ ನಗತಿದ್ಲು!"

ಮಾಬುಸಾಬರ ಕೈಯಲ್ಲಿನ ರೊಟ್ಟಿ ಅರ್ಧದಲ್ಲೇ ನಿಂತಿತು. ಅವರು ಅಕ್ಕೋರನ್ನು ನೋಡಿದರು. ಅಕ್ಕೋರು ನನ್ನನ್ನು ನೋಡಿದರು.

"ಅಯ್ಯ ನಮ್ಮವ್ವ! ಮಾಸ್ತರು ಗಂಟಿನ ಹೆಸರು ಬರಕೊಂಡಾರ!" ಎಂದರು ಅಕ್ಕೋರು.

ನಕ್ಕರು ನೋಡಿ! ಮಾಬುಸಾಬರಿಗೆ ಕೆಮ್ಮು ಬಂತು. ದುರಗಪ್ಪ ಕಂಬ ಹಿಡಿದುಕೊಂಡ. ಶಿವಪ್ಪನ ಕಣ್ಣಲ್ಲಿ ನೀರು. ಎಪ್ಪತ್ತಾರು ವರ್ಷ ನಾನೊಬ್ಬನೇ ಹೊತ್ತಿದ್ದ ಗುಟ್ಟು ಹೊರಬಿದ್ದಿತ್ತು. ನನ್ನ ಮೈ ಹತ್ತಿಯಷ್ಟು ಹಗುರಾಯಿತು.

"ನನ್ನ ಕೈಯಾಗ ತಿದ್ದಾಕ ಬರೂದಿಲ್ಲ, ಅರ್ಜಿ ಬರೀತೀನೇನ್ರಿ?" ಎಂದು ಅಕ್ಕೋರು ಕಸ್ತೂರಿಯನ್ನು ಕೇಳಿದರು.

"ಬ್ಯಾಡ್ರಿ. ಅಪ್ಪ ಪುಂಡಿಪಲ್ಲೆ ಅಂತನ ದುಡದಾನ, ನಾನೂ ಪುಂಡಿಪಲ್ಲೆ ಅಂತನ ದುಡದೀನಿ. ಇರಲಿ."

ದುರಗಪ್ಪ ತನ್ನ ಹೊತ್ತಿಗೆ ಬಿಚ್ಚಿದ. 'ಮುಂದ ತಿಳೀಲಿಲ್ಲ' ಎಂಬಲ್ಲಿ ಅವಳ ಹೆಸರು ಬರೆದ. "ಹೆಣ್ಣುಮಕ್ಕಳ ಹೆಸರು ನಾವು ಬರಿಯೂದಿಲ್ಲ, ಆದ್ರ ಇಷ್ಟು ಹುಡುಕಿ ಬಂದಾಕಿನ್ನ ಹೆಂಗ ಬಿಡಲಿ?" ಎಂದ. ಅಕ್ಕೋರು ಹಗುರವಾಗಿ ಪೆನ್ಸಿಲ್ ಹಿಡಿದು, ನನ್ನ ಹದಿನಾಲ್ಕನೇ ಸಾಲಿನ ಕಡೆಯ ಖಾಲಿ ಮನೆಯಲ್ಲಿ, ಆ ಷರಾದಲ್ಲಿ, ಬರೆದರು: 'ನಂ. 83 ಇವರ ಸ್ವಂತ ತಮ್ಮ.' ಎಂಬತ್ತಮೂರರ ಮುಂದೆಯೂ ಬರೆದರು: 'ನಂ. 14 ಇವರ ಸ್ವಂತ ಅಣ್ಣ.'

ಹದಿನಾಲ್ಕನೇ ಸಾಲು ಓದಲು ಶಿವಪ್ಪ ಮತ್ತೆ ಮೊದಲ ಪುಟ ತೆರೆದು ನನ್ನ ಮೇಲೆ ಬಾಗಿದ. ಅಪ್ಪನ ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆಟ್ಟು ಮೆಲ್ಲಗೆ ಇಟ್ಟ. ಊಟದ ಕೈ ತೊಳೆದಿರಲಿಲ್ಲ. ಎಣ್ಣೆ, ಹುಳಿ, ಸೊಪ್ಪಿನ ಹಸಿರು, ಎಲ್ಲ ನನ್ನ ಮೊದಲ ಪುಟಕ್ಕೆ ಅಂಟಿತು. ಅಕ್ಕೋರು ಒದ್ದೆ ಬಟ್ಟೆ ತಂದರು. ಕಸ್ತೂರಿ ಅವರ ಕೈ ತಡೆದಳು.

ಈಗ ನಾನು ಕಪಾಟಿನಲ್ಲಿ ಕೆಂಪು ವಸ್ತ್ರ ಹೊದ್ದು ಆರಾಮಾಗಿದ್ದೇನೆ. ಭಾನುವಾರ ಯಾರಾದರೂ ತಮ್ಮ ಅಜ್ಜನನ್ನು ಹುಡುಕಿಕೊಂಡು ಬಂದರೆ ಹೊರಗೆ ಬರುತ್ತೇನೆ. ಮೊದಲ ಪುಟ ತೆರೆದವರು, "ಅಕ್ಕೋರ, ಇದೇನ್ರಿ ಕಲೆ?" ಎಂದು ಕೇಳುತ್ತಾರೆ. ಬೇಳೆಸಾರಿನ ಎರಡು ಕಲೆಗಳಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಈ ಮೂರನೆಯದನ್ನು ಮಾತ್ರ ಯಾರೂ ಒರೆಸಬಾರದು. ಅದು ಪುಂಡಿಪಲ್ಲೆಯದು, ಗೋನಾಳ ಮನೆತನದ್ದು.