ಫಕೀರವ್ವ ತಿಕ್ಕಿ ತೊಳೆದ ಹಲ್ಲು

ನಾನು ಘೇಂಡಾಮೃಗವೊಂದರ ದವಡೆಹಲ್ಲು. ಕಲ್ಲಾಗಿ ಹೋದರೂ ಸುಮ್ಮನಿರಲು ನನಗೆ ಬರುವುದಿಲ್ಲ. ಕಂಡದ್ದನ್ನು ಯಾರಿಗಾದರೂ ಹೇಳಿಬಿಡಬೇಕೆಂಬ ಚಡಪಡಿಕೆ.

ನಾನು ಒಸಡಿನೊಳಗೆ ಮೂಡುವಾಗ ನನ್ನ ಯಜಮಾನಿ ತಾಯಿಯ ಬೆನ್ನು ಬಿಡದ ಕರು. ಅದು ಹಿಮಯುಗ. ಹಾಗೆಂದು ಘಟಪ್ರಭೆಯ ದಂಡೆಯಲ್ಲಿ ಹಿಮ ಬೀಳುತ್ತಿರಲಿಲ್ಲ. ದೂರದ ಉತ್ತರದಲ್ಲಿ ಹಿಮ ಹಬ್ಬಿದಾಗ ಇಲ್ಲಿ ಮುಂಗಾರು ಸೊರಗುತ್ತಿತ್ತು. ಮೊದಲ ವರ್ಷ ಮಳೆ ಚೆನ್ನಾಗಿ ಹೊಡೆಯಿತು. ಮಡುವಿನಲ್ಲಿ ನೀರಾನೆಗಳು ಮುಳುಗೇಳುತ್ತಿದ್ದವು. ಮರುವರ್ಷ ಮಳೆ ಕೈಕೊಟ್ಟಿತು. ನೀರಾನೆಗಳು ಕಾಣೆಯಾದವು, ಕಾಡುಕುದುರೆಗಳ ಹಿಂಡು ಧೂಳೆಬ್ಬಿಸಿಕೊಂಡು ಎತ್ತಲೋ ಹೊರಟುಹೋಯಿತು. ತಾಯಿ ನಿಂತಲ್ಲಿ ನಿಲ್ಲದೆ ಒಂದು ಬತ್ತಿದ ಮಡುವಿನಿಂದ ಇನ್ನೊಂದಕ್ಕೆ ಅಲೆದಳು. ಆ ಎರಡೂ ವರ್ಷಗಳನ್ನು ನಾನು ಪದರ ಪದರವಾಗಿ ಮೈಯೊಳಗೆ ಕಟ್ಟಿಕೊಂಡೆ.

ಯಜಮಾನಿ ಸತ್ತದ್ದು ಕೆಸರಿನಲ್ಲಿ ಹೂತು. ಹೊಳೆ ನಮ್ಮ ಮೇಲೆ ಮಣ್ಣು ಎಳೆಯಿತು, ಗರಸು ಸುರಿಯಿತು. ಎಷ್ಟು ಸಾವಿರ ವರ್ಷ ಹಾಗೆ ಬಿದ್ದಿದ್ದೆನೋ ಲೆಕ್ಕವಿಲ್ಲ.

ಹಳ್ಳಿಯವರು ಬಾವಿ ತೋಡುವಾಗ ನಾನು ಮಣ್ಣಿನ ಬುಟ್ಟಿಯಲ್ಲಿ ಮೇಲೆ ಬಂದೆ. ಊರಿನ ಸೂಲಗಿತ್ತಿ ಫಕೀರವ್ವ ನನ್ನನ್ನು ಎತ್ತಿಕೊಂಡಳು. ನನ್ನ ಒಂದು ಪಕ್ಕೆ ನುಣುಪಾಗಿದೆ. ಹುಟ್ಟಿದ ಕೂಸಿಗೆ ಮಾತು ಚೆನ್ನಾಗಿ ಬರಲೆಂದು ಅವಳು ಅಲ್ಲಿ ಬಜೆ ತೇಯ್ದು ನೆಕ್ಕಿಸುತ್ತಿದ್ದಳು. ಇಪ್ಪತ್ತು ವರ್ಷ ಊರಿಗೆಲ್ಲ ಮಾತು ಕೊಟ್ಟೆ. ನನ್ನ ಮಾತು ಕೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಆಮೇಲೆ ಭೂವಿಜ್ಞಾನಿ ರೆಹಾನಾ ಇನಾಮದಾರ ಬಂದಳು. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಲ್ಲಿನ ಬೇರಿನ ಪೊಟರೆಯಲ್ಲಿ ಹಳೆಯ ಮಣ್ಣು ಹಾಗೇ ಇದೆ, ನಾಳೆ ಡಬ್ಬಿ ತಂದು ಒಯ್ಯುತ್ತೇನೆ ಎಂದಳು. ನನಗೋ ಹಿಗ್ಗೇ ಹಿಗ್ಗು.

ಅವಳು ಅತ್ತ ಹೋದದ್ದೇ ತಡ, ಫಕೀರವ್ವ ಹುಣಸೆಹಣ್ಣು, ಬೂದಿ ಹಿಡಿದು ಕುಳಿತಳು. ಬೇವಿನ ಕಡ್ಡಿಯಿಂದ ಪೊಟರೆಯನ್ನೆಲ್ಲ ಕೆದಕಿ, ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದಳು. ನನಗೆ ಕೂಗಿಕೊಳ್ಳುವಂತಾಯಿತು.

ಮರುದಿನ ರೆಹಾನಾಳ ಮುಖ ಕಳೆಗುಂದಿತು.

“ಮಂದಿ ಮನಿಗೆ ಹೊಲಸು ಸಾಮಾನು ಕಳಸಬಾರದಂತ ತೊಳದೇನವ್ವಾ,” ಎಂದಳು ಫಕೀರವ್ವ.

ರೆಹಾನಾ ಸಿಟ್ಟಾಗಲಿಲ್ಲ. ಬಾವಿಗೆ ಕಲ್ಲು ಕಟ್ಟಿಯಾಗಿದೆ, ಒಳಗಿನ ಮಣ್ಣಿನ ಪದರಗಳು ಕಾಣುವುದಿಲ್ಲ; ಹಲ್ಲು ಯಾವ ಪದರದ್ದು, ಯಾವ ಕಾಲದ್ದು ಎಂದು ಹೇಳಲು ಆ ಮಣ್ಣೊಂದೇ ಉಳಿದಿತ್ತು ಎಂದು ವಿವರಿಸಿದಳು. ಕೊಯ್ದು ನೋಡಿದರೆ ಆಗಿನ ಮಳೆಯ ಸಂಗತಿಯಾದರೂ ಸಿಕ್ಕೀತು, ಆದರೆ ಹಲ್ಲು ಮತ್ತೆ ಬಜೆ ತೇಯಲು ಬರುವುದಿಲ್ಲ ಎಂದಳು. ಫಕೀರವ್ವ ನನ್ನನ್ನು ಸೆರಗಿನಲ್ಲಿ ಹಿಡಿದು, ನುಣುಪಾದ ಪಕ್ಕೆಯನ್ನು ಹೆಬ್ಬೆರಳಿನಿಂದ ಸವರಿದಳು. ಕೊಡು, ಕೊಟ್ಟುಬಿಡು ಎಂದು ನಾನು ಒಳಗೇ ಒದ್ದಾಡಿದೆ.

“ಕೊಯ್ಯಿ ಹಂಗಾರ,” ಎಂದಳು. “ತೊಳದಾಕಿ ನಾನ.”

ಕೊಯ್ದರು. ಆರು ತಿಂಗಳ ಮೇಲೆ ರೆಹಾನಾ ಹಳ್ಳಿಗೆ ಬಂದು ನನ್ನ ಪದರಗಳನ್ನು ಫಕೀರವ್ವನಿಗೆ ತೋರಿಸಿದಳು. ಈ ಹಲ್ಲು ಮೂಡಿದ್ದು ಕರುವಿದ್ದಾಗ. ಇಲ್ಲಿ ಒಂದು ವರ್ಷದ ಒಳ್ಳೆಯ ಮಳೆ, ಇಲ್ಲಿ ಮರುವರ್ಷದ ಬರ.

ಫಕೀರವ್ವ ಪದರ ನೋಡಲಿಲ್ಲ. “ಮಳಿ ಹೋದ ವರ್ಷ ಆ ಕೂಸು ಉಳೀತೇನವ್ವಾ?” ಎಂದಳು.

“ಉಳೀತ್ರಿ ಆಯಿ. ಹಲ್ಲಿನ ನೆತ್ತಿ ಇಷ್ಟು ಸವದೈತಿ ನೋಡ್ರಿ. ಮುದಕಿ ಆಗೇ ಸತ್ತೈತಿ.”

ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕೂಸಿನ ತಾಯಿ ಹೇಗೆ ಸಾಕಿದಳೋ, ಎಂದಳು.

ಈಗ ನಾನು ವಿಶ್ವವಿದ್ಯಾಲಯದ ಕಪಾಟಿನಲ್ಲಿ, ಎರಡು ಹೋಳಾಗಿ ಹತ್ತಿಯ ಮೇಲೆ ಮಲಗಿದ್ದೇನೆ. ಚೀಟಿಯಲ್ಲಿ ‘ಕಾಲ’ ಎಂಬುದರ ಮುಂದೆ ಖಾಲಿ ಇದೆ. ಅದು ಖಾಲಿಯೇ ಉಳಿಯುತ್ತದೆ. ಅದನ್ನು ನೆನೆದಾಗಲೆಲ್ಲ ಫಕೀರವ್ವನ ಮೇಲೆ ಸಿಟ್ಟು ಉಕ್ಕುತ್ತದೆ. ನೋಡಲು ಬರುವವರೆಲ್ಲ ಆ ಖಾಲಿ ಜಾಗದ ಬಗ್ಗೆಯೇ ಕೇಳುತ್ತಾರೆ. ಕರು ಬದುಕಿತೇ ಎಂದು ಕೇಳಿದವಳು ಅವಳೊಬ್ಬಳೇ.